ಹೊಸ ಮೇಜಿನ ಕಣ್ಣೀರು

ಸಿಬ್ಬಂದಿ ವಿಭಾಗದ ಮುಖ್ಯಸ್ಥೆಗೆ ಕಾರ್ಖಾನೆಯವರು ಇಟ್ಟಿದ್ದ ಹೆಸರು ಬಂಡೆ ಮೇಡಂ. ರಜೆ ಕೇಳಲು ಹೋದವರೆಲ್ಲ ಮುಖ ಸಪ್ಪಗೆ ಮಾಡಿಕೊಂಡು ಹೊರಬರುವುದನ್ನು ನೋಡಿ ನೋಡಿ, ಆಕೆಗೆ ಹೃದಯದ ಜಾಗದಲ್ಲಿ ರಬ್ಬರ್ ಸ್ಟಾಂಪ್ ಇದೆ ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು. ಮಾತು ಅವಳ ಕಿವಿಗೂ ಬಿದ್ದಿತ್ತು. ಕೇಳಿಸದವಳಂತೆ ಓಡಾಡಿಕೊಂಡಿದ್ದಳು, ಆದರೆ ಒಳಗೊಳಗೇ ನೋಯುತ್ತಿದ್ದಳು.

ಬಡ್ತಿ ಬಂತು, ಅದರ ಬೆನ್ನಿಗೇ ಗಾಜಿನ ಕೋಣೆಯೂ ಬಂತು. ಹೊಸ ಮೇಜು, ಹೊಸ ಕಪಾಟು. ಎರಡೂ ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆಯವು. ಮೇಲೆ ಮಾತ್ರ ತೇಗದ ಸೋಗು. ಪ್ಲಾಸ್ಟಿಕ್ ಹೊದಿಕೆ ಬಿಚ್ಚುತ್ತಲೇ ಘಾಟು ಮೂಗಿಗೆ ಅಡರಿತು. ಹೊಸದರ ವಾಸನೆ ಎಂದುಕೊಂಡು ಅವಳು ಹಿಗ್ಗಿ ಕುಳಿತಳು.

ಆ ಮಧ್ಯಾಹ್ನವೇ ಪ್ಯಾಕಿಂಗ್ ವಿಭಾಗದ ಮೇಸ್ತ್ರಿ ಬಂದ.

"ಮೇಡಂ, ಅಮ್ಮಂಗೆ ಆಪರೇಷನ್ನು. ಒಂದ್ವಾರ ರಜ ಬೇಕಿತ್ತು."

ಆಗಲ್ಲ ಎನ್ನಲು ತಲೆ ಎತ್ತಿದಳು. ಕಣ್ಣಿಂದ ದಳದಳನೆ ನೀರು ಇಳಿಯಿತು. ಮೇಸ್ತ್ರಿ ತಬ್ಬಿಬ್ಬಾದ.

"ಅಯ್ಯೋ, ನೀವ್ಯಾಕೆ ಮೇಡಂ ಅಳ್ತೀರ? ಸಣ್ಣ ಆಪರೇಷನ್ನು ಅಷ್ಟೆ!"

ಇಷ್ಟೆಲ್ಲ ಅತ್ತು ಇಲ್ಲ ಎನ್ನುವುದಾದರೂ ಹೇಗೆ? ಸಹಿ ಹಾಕಿದಳು.

ಸಂಜೆಯೊಳಗೆ ಸುದ್ದಿ ಕಾರ್ಖಾನೆಯನ್ನೆಲ್ಲ ಒಂದು ಸುತ್ತು ಹಾಕಿತು. ಮರುದಿನದಿಂದ ಬಾಗಿಲ ಮುಂದೆ ಜನವೋ ಜನ. ಕುಡುಕ ಗಂಡ, ಫೇಲಾದ ಮಗ, ಸೋರುವ ಮಾಳಿಗೆ, ಎಲ್ಲದಕ್ಕೂ ಮೇಡಂ ಕಣ್ಣು ತುಂಬಿಕೊಂಡು ಕೇಳಿದರು. ಬಂಡೆ ಹೋಗಿ ಮಹಾತಾಯಿ ಆದರು. ಊಟದ ಹೊತ್ತಿಗೆ ಹೆಂಗಸರು ಸರಿದು ಕೂತು ಪಕ್ಕಕ್ಕೆ ಕರೆಯತೊಡಗಿದರು. ಇಷ್ಟು ವರ್ಷ ಗೋಡೆ ನೋಡಿಕೊಂಡು ಉಂಡವಳಿಗೆ ಅದು ಎಷ್ಟು ಹಿತವೆನಿಸಿತೆಂದರೆ, ತಲೆನೋವು ಕೂಡ ಮರೆತುಹೋಗುತ್ತಿತ್ತು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕ ಮಾತ್ರ ಗದರಿದಳು. "ಗಂಟಲು ನೋಡು, ಹೇಗೆ ಕಟ್ಟಿದೆ! ಆ ಅಂಟಿನಿಂದ ಗ್ಯಾಸ್ ಬರುತ್ತೆ ಕಣೆ, ಫಾರ್ಮಾಲ್ಡಿಹೈಡ್ ಅಂತ. ಕಿಟಕಿ ತೆಗೆದಿಡು. ಇಲ್ಲ, ಆ ಮೇಜನ್ನೇ ಆಚೆ ಹಾಕ್ಸು."

"ಆಯ್ತು ಕಣೇ ಅಕ್ಕಾ."

ಕಿಟಕಿಯನ್ನೇನೋ ತೆಗೆದಿಟ್ಟಳು. ಆದರೆ ಯಾರಾದರೂ ಬಾಗಿಲು ತಟ್ಟಿದರೆ ಎದ್ದು ಹೋಗಿ ಕಿಟಕಿ ಮುಚ್ಚಿ ಬರುತ್ತಿದ್ದಳು. ಅಷ್ಟಾದರೂ ಕಣ್ಣು ಒದ್ದೆಯಾಗದಿದ್ದರೆ ಮೇಜಿನ ಖಾನೆಯನ್ನು ಮೆಲ್ಲಗೆ ಎಳೆಯುತ್ತಿದ್ದಳು. ಘಾಟು ಅಲ್ಲಿ ಹೆಚ್ಚು.

ಒಂದು ಬೆಳಿಗ್ಗೆ ಕೋಣೆ ಒರೆಸುವ ದೊಡ್ಡಮ್ಮ ಕೆಮ್ಮುತ್ತ ಕೆಮ್ಮುತ್ತ ಕಪಾಟಿಗೆ ಒರಗಿ ಕುಸಿದಳು. ಮೊದಲೇ ಉಬ್ಬಸದ ಹೆಂಗಸು. ಮೇಡಂ ಅವಳನ್ನು ಹೊರಗೆ ತಂದು ಕೂರಿಸಿ, ನೀರು ಕುಡಿಸಿ, ಬೆನ್ನು ನೀವಿದಳು.

"ಈ ರೂಮಿಗೆ ಬಂದ್ರೆ ಎದೆ ಹಿಡ್ಕೊಳ್ಳುತ್ತೆ ಕಣಮ್ಮ," ಎಂದಳು ದೊಡ್ಡಮ್ಮ, ಉಸಿರು ಸುಧಾರಿಸಿಕೊಂಡು. "ಪಾಪ, ನೀನೇ ಎಲ್ಲರಿಗೋಸ್ಕರ ಅಷ್ಟು ಅಳ್ತೀಯ. ನಂದೊಂದು ಯಾಕೆ ಅಂತ ಹೇಳ್ಲಿಲ್ಲ."

ಮೇಡಂಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಂದೇ ಗಾಳಿ ಪರೀಕ್ಷೆ ಮಾಡುವವನನ್ನು ಕರೆಸಿದಳು. ಅವನು ಯಂತ್ರವನ್ನು ಖಾನೆಯೊಳಗೆ ಹಿಡಿದು ನೋಡಿ, ಹೌಹಾರಿ, ಬಾಗಿಲಲ್ಲಿ ನೆರೆದಿದ್ದವರಿಗೆಲ್ಲ ಕೇಳುವಂತೆ ಹೇಳಿದ: "ಇದರ ಮುಂದೆ ಕೂತ್ರೆ ಎಂಥವರಿಗೂ ಕಣ್ಣಲ್ಲಿ ನೀರು ಬರುತ್ತೆ!"

ಜನ ಮುಖ ಮುಖ ನೋಡಿಕೊಂಡರು. ಯಾರೋ ಕಿಸಕ್ಕನೆ ನಕ್ಕರು.

ಮೇಜು ಹೋಯಿತು, ಕಪಾಟು ಹೋಯಿತು, ಗುಜರಿಯಲ್ಲಿದ್ದ ಹಳೆಯ ಕಬ್ಬಿಣದ ಟೇಬಲ್ ವಾಪಸಾಯಿತು. ದೊಡ್ಡಮ್ಮನ ಕೆಮ್ಮು ತಗ್ಗಿತು. ಕ್ಯಾಂಟೀನಿನಲ್ಲಿ ಮಹಾತಾಯಿಗೆ ಮತ್ತೆ ಗೋಡೆಯೇ ಗತಿಯಾಯಿತು.

ಕೆಲವು ವಾರಗಳಾದ ಮೇಲೆ ಮೇಸ್ತ್ರಿ ಬಂದ. ಕಿಟಕಿ ಪೂರ್ತಿ ತೆರೆದಿತ್ತು.

"ಅಮ್ಮ ಹೋಗ್ಬಿಟ್ರು ಮೇಡಂ," ಎಂದ. "ಸಣ್ಣ ಆಪರೇಷನ್ನು ಅಂದಿದ್ರು."

ಅವಳ ಕಣ್ಣು ತುಂಬಿ ಬಂತು, ಎಷ್ಟು ಒರೆಸಿಕೊಂಡರೂ ನಿಲ್ಲಲಿಲ್ಲ.

ಮೇಸ್ತ್ರಿ ಆ ಕಣ್ಣೀರನ್ನು ನೋಡಿದ. ಆಮೇಲೆ ಬಗ್ಗಿ ಟೇಬಲ್ಲನ್ನು ಮೂಸಿ ನೋಡಿದ.

"ಇದನ್ನೂ ಒಂದ್ಸಲ ಚೆಕ್ ಮಾಡಿಸ್ಬಿಡಿ ಮೇಡಂ," ಎಂದ, ನಿಜವಾದ ಕಾಳಜಿಯಿಂದಲೇ.