ತೋಳಿನಡಿಯ ಬೊಟ್ಟುಗಳು

ನಾನು ಹುಟ್ಟಿದ ದಿನ ನನ್ನ ತೋಳಿನ ಮೇಲೆ ಅಚ್ಚಿಟ್ಟು ಸುಳ್ಳು ತೂಕ ಬಡಿಸಿದರು. ನಾನು ಎತ್ತಬಲ್ಲದ್ದು ಒಂದು ಟನ್. ಬಡಿಸಿದ್ದು ಎರಡು ಟನ್.

ನಾನು ಒಂದು ಇಂಜಿನ್ ಕ್ರೇನು. ಲಾರಿ, ಜೀಪು, ಟ್ರ್ಯಾಕ್ಟರುಗಳ ಹೊಟ್ಟೆಯಿಂದ ಇಂಜಿನ್ನನ್ನು ಎತ್ತಿ ಹೊರಗೆ ತೆಗೆಯುವುದು, ರಿಪೇರಿ ಮುಗಿದ ಮೇಲೆ ಮತ್ತೆ ಒಳಗೆ ಇಳಿಸುವುದು ನನ್ನ ಕಸುಬು. ನೋಡಲು ಚಂದವೇನಿಲ್ಲ. ನೆಲಕ್ಕೆ ಚಾಚಿದ ಎರಡು ಕಾಲು, ಕಾಲಡಿಗೆ ಗಾಲಿ, ನಡುವೆ ಒಂದು ಕಂಬ, ಕಂಬದ ನೆತ್ತಿಯಿಂದ ಮುಂದಕ್ಕೆ ಬಂದ ಒಂದೇ ತೋಳು, ತೋಳಿನ ತುದಿಗೆ ಸರಪಳಿ ಮತ್ತು ಕೊಕ್ಕೆ. ಬೆನ್ನಿಗೆ ಒಂದು ಎಣ್ಣೆ ಜಾಕು. ಹಿಡಿಕೆ ಹಿಡಿದು ಪಂಪು ಹೊಡೆದರೆ ತೋಳು ಏಳುತ್ತದೆ. ಕೆಳಗಿನ ತಿರುಪನ್ನು ತುಸು ಸಡಿಲಿಸಿದರೆ ಉಸ್ಸೆಂದು ಇಳಿಯುತ್ತದೆ. ಮೊದಲ ಸಲ ನೋಡಿದವರು ನನ್ನನ್ನು ಕೊಕ್ಕರೆ ಅನ್ನುತ್ತಾರೆ. ಅನ್ನಲಿ. ಯಾವ ಕೊಕ್ಕರೆ ಲಾರಿ ಇಂಜಿನ್ ಎತ್ತಿದೆ?

ನನ್ನ ತೋಳಿನೊಳಗೆ ಇನ್ನೊಂದು ತೋಳಿದೆ. ಅದನ್ನು ಬೇಕಾದಷ್ಟು ಹೊರಗೆಳೆದು ಪಿನ್ನು ಹಾಕಿ ನಿಲ್ಲಿಸಲು ನಾಲ್ಕು ತೂತುಗಳಿವೆ. ಈ ವಿಷಯದಲ್ಲಿ ನಾನು ಥೇಟ್ ಮನುಷ್ಯರ ಹಾಗೆ. ತುಂಬಿದ ಕೊಡವನ್ನು ಎದೆಗೆ ಒತ್ತಿಕೊಂಡರೆ ಹೊರಬಹುದು. ಕೈ ಚಾಚಿ ಹಿಡಿದರೆ ಗಳಿಗೆಯಲ್ಲಿ ರಟ್ಟೆ ಸೋಲುತ್ತದೆ. ತೋಳು ಉದ್ದವಾದಷ್ಟೂ ನನ್ನ ಬಲ ಕಡಿಮೆ. ಅದಕ್ಕೇ ಒಂದೊಂದು ತೂತಿನ ಪಕ್ಕದಲ್ಲಿ ಒಂದೊಂದು ತೂಕವನ್ನು ಉಕ್ಕಿನ ಅಚ್ಚಿಟ್ಟು ಬಡಿದಿರುತ್ತಾರೆ. ಆ ಅಂಕಿಯನ್ನು ನಂಬಿ ದುಡಿಯುವವರು ನೇತಾಡುವ ಇಂಜಿನ್ನಿನ ಕೆಳಗೆ ಕೈ ಇಡುತ್ತಾರೆ, ಕಾಲು ಇಡುತ್ತಾರೆ, ಒಮ್ಮೊಮ್ಮೆ ಎದೆಯನ್ನೇ ಇಡುತ್ತಾರೆ.

ನಾನು ಹುಟ್ಟಿದ್ದು ಗದಗಿನ ಬೆಟಗೇರಿ ಕಡೆಯ ಒಂದು ತಗಡಿನ ಶೆಡ್ಡಿನಲ್ಲಿ. ಬಾಗಿಲ ಮೇಲಿನ ಬೋರ್ಡು ‘ರಾಚಪ್ಪ ಅಂಡ್ ಸನ್ಸ್’ ಎನ್ನುತ್ತಿತ್ತು. ರಾಚಪ್ಪ ಸಾವಕಾರರ ಇಬ್ಬರು ಮಕ್ಕಳೂ ಹುಟ್ಟಿದಾಗಿನಿಂದ ವೆಲ್ಡಿಂಗ್ ರಾಡು ಮುಟ್ಟಿದವರಲ್ಲ. ಮುಟ್ಟಿದವಳು ಫಕ್ಕೀರವ್ವ. ಕಬ್ಬಿಣದ ಚೂರು ಗುಡಿಸಲು ಬಂದವಳು, ಗಂಡಸರು ಬೆಸೆಯುವುದನ್ನು ವಾರೆಗಣ್ಣಿನಲ್ಲಿ ನೋಡಿ ನೋಡಿ ಕಲಿತು, ಆರೇ ತಿಂಗಳಲ್ಲಿ ಅವರಿಗೇ ಬೆಸೆಯುವುದನ್ನು ತಿದ್ದಿ ಹೇಳತೊಡಗಿದ್ದಳು. ಬೋರ್ಡಿನಲ್ಲಿ ಅವಳ ಹೆಸರಿಗೆ ಜಾಗವಿರಲಿಲ್ಲ. ನನ್ನ ಒಂದೊಂದು ಬೆಸುಗೆಯಲ್ಲೂ ಅವಳ ಕೈಯಿದೆ.

ನನಗೆ ಹಾಕಿದ ಪೈಪು ತೆಳು. ಅವಳಿಗೆ ಅದು ಉಗುರಿನಿಂದ ಬಡಿದ ಕೂಡಲೇ ಗೊತ್ತಾಯಿತು.

“ಸಾವಕಾರ್ರ, ಈ ಪೈಪು ಎರಡು ಟನ್ನಿಗೆ ತಡಿಯಂಗಿಲ್ರಿ.”

“ಬಣ್ಣ ಹಚ್ಚಿದ ಮ್ಯಾಲೆ ಎಲ್ಲಾ ದಪ್ಪನ ಕಾಣಿಸ್ತೈತಿ, ಹಚ್ಚು.”

ಅವಳು ರೈಲು ಕಂಬಿಯ ತುಂಡುಗಳನ್ನು ನನ್ನ ಕೊಕ್ಕೆಗೆ ಕಟ್ಟಿ ನೋಡಿದಳು. ತೋಳು ಮಡಚಿಕೊಂಡಿದ್ದಾಗ ಒಂದು ಟನ್ನಿಗೆ ನಾನು ಗಟ್ಟಿಯಾಗಿ ನಿಂತೆ. ಅದರ ಮೇಲೆ ಇನ್ನಷ್ಟು ಹೇರಿದ್ದೇ ನಡುಗಿದೆ.

“ಒಂದು ಬಡೀಲೇನ್ರಿ?”

“ಗಿರಾಕಿ ಎರಡು ಕೇಳ್ಯಾನ. ಎರಡು ಬಡಿ.”

“ಎತ್ತೂದು ಒಂದ ಐತ್ರಿ.”

“ಎತ್ತಾಕ ನೀ ಹೊಕ್ಕೀಯೇನು? ಬಡಿ ಅಂದ್ರ ಬಡಿ.”

ಬೇರೆ ಕಡೆ ಬೆಸುಗೆ ಕೆಲಸ ಕೇಳಲು ಹೋದ ಅವಳನ್ನು ಹೆಣ್ಣೆಂದು ಮೂರು ಶೆಡ್ಡಿನವರು ಬಾಗಿಲಲ್ಲೇ ವಾಪಸು ಕಳಿಸಿದ್ದ ವರ್ಷ ಅದು. ಫಕ್ಕೀರವ್ವ ಬಡಿದಳು. ಎರಡು, ಒಂದೂವರೆ, ಒಂದು, ಅರ್ಧ. ನಾಲ್ಕು ತೂತಿಗೆ ನಾಲ್ಕು ಸುಳ್ಳು, ಎಲ್ಲವೂ ನಿಜಕ್ಕಿಂತ ಸರಿಯಾಗಿ ಇಮ್ಮಡಿ.

ಉಳಿದವರು ರೊಟ್ಟಿ ಬಿಚ್ಚಿ ಕುಳಿತಿದ್ದಾಗ ಅವಳು ನನ್ನ ಒಳತೋಳನ್ನು ಅಂಗಾತ ಮಲಗಿಸಿದಳು. ಅವಳ ಅಪ್ಪ ಹತ್ತಿ ಮಾರುಕಟ್ಟೆಯಲ್ಲಿ ಹಮಾಲನಾಗಿದ್ದ. ಅಕ್ಷರ ಬಾರದ ಆ ಹಮಾಲರು ಒಬ್ಬ ಹೊರಬಲ್ಲ ಚೀಲಕ್ಕೆ ಒಂದು ಬೊಟ್ಟು, ಇಬ್ಬರು ಹೊರಬೇಕಾದ ಹತ್ತಿಯ ದೊಡ್ಡ ಅಂಡಿಗೆಗೆ ಎರಡು ಬೊಟ್ಟು ಸುಣ್ಣ ಹಚ್ಚಿಡುತ್ತಿದ್ದರು. ಅದು ಅಂಗಡಿಯವರಿಗಲ್ಲ, ಮುಂದೆ ಹೊರಲು ಬರುವವನಿಗೆ ಹೇಳಿದ ಮಾತು. ಫಕ್ಕೀರವ್ವ ನನ್ನ ತೋಳಿನ ಅಡಿಗೆ, ಒಂದೊಂದು ತೂತಿನ ನೇರಕ್ಕೆ, ಬೆಸುಗೆಯ ಕಾಳುಗಳನ್ನು ಇಟ್ಟಳು. ಕಾಲು ಟನ್ನಿಗೆ ಒಂದು ಬೊಟ್ಟು. ಮೊದಲ ತೂತಿಗೆ ನಾಲ್ಕು, ಆಮೇಲೆ ಮೂರು, ಎರಡು. ತೋಳು ಪೂರ್ತಿ ಚಾಚಿದಾಗಿನ ಕೊನೆಯ ತೂತಿಗೆ ಒಂದೇ ಒಂದು.

“ಕೆಳಗ ಮಲಗಾಂವ ಯಾವನರ ಒಬ್ಬ ನೋಡ್ಯಾನು,” ಅಂದಳು. ಕೇಳಿಸಿಕೊಂಡವನು ನಾನೊಬ್ಬನೇ.

ನನ್ನನ್ನು ಕೊಂಡವರು ಮುಳಗುಂದ ರಸ್ತೆಯಲ್ಲಿ ಲಾರಿ ಗ್ಯಾರೇಜು ಇಟ್ಟಿದ್ದ ಕಲ್ಲನಗೌಡರು. ಗೌಡರನ್ನು ನಾನು ನೋಡಿದ್ದು ಹೆಚ್ಚಾಗಿ ಕೆಳಗಿನಿಂದ. ಅವರ ಗಂಟಲು, ಮೂಗಿನ ಹೊಳ್ಳೆ, ಬಿಳೀ ಅಂಗಿಯ ಕೆಳಗಿನ ಗುಂಡಿ ನನಗೆ ಚೆನ್ನಾಗಿ ಗೊತ್ತು. ಅವರು ಬಗ್ಗುತ್ತಿರಲಿಲ್ಲ. ಬಗ್ಗುವವನು ಹೆಡ್ ಮಿಸ್ತ್ರಿ ದಾವಲಸಾಬ. ಮೂವತ್ತು ವರ್ಷದ ಅನುಭವದ ಮಿಸ್ತ್ರಿ; ಇಂಜಿನ್ನಿನ ಸದ್ದು ಕೇಳಿ ಅದರ ರೋಗ ಹೇಳುತ್ತಿದ್ದ. ಸದಾ ಕತ್ತು ಬಗ್ಗಿಸಿ ನಿಲ್ಲುತ್ತೇನೆಂದು ಅವನು ನನಗೆ ಅಳಿಯ ಎಂದು ಹೆಸರಿಟ್ಟ.

“ಏನಪಾ ಅಳಿಯಾ, ಹೊಟ್ಟಿ ತುಂಬ ಎಣ್ಣಿ ಕುಡದೀಯಿಲ್ಲೊ? ಏಳು ಮತ್ತ, ಮಾವನ ಮನಿ ಅಂತ ಕುಂತಬಿಟ್ರ ಹೆಂಗ?”

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಬಂದದ್ದೆಲ್ಲ ಜೀಪು, ಟೆಂಪೋ. ಇಂಜಿನ್ನುಗಳು ಹಗುರ. ಹಗುರ ಕೆಲಸದಲ್ಲಿ ಸುಳ್ಳು ಸಿಕ್ಕಿಬೀಳುವುದಿಲ್ಲ.

ಮೂರನೆಯ ವರ್ಷ ಮೆಣಸಿನಕಾಯಿ ಹೇರುವ ಒಂದು ಹಳೆಯ ಲಾರಿ ಬಂತು. ಅದರ ಮೂತಿ ಉದ್ದ, ಇಂಜಿನ್ನು ಒಳಗೆ ದೂರದಲ್ಲಿ. ದಾವಲಸಾಬ ನನ್ನ ತೋಳನ್ನು ಮೂರನೆಯ ತೂತಿನವರೆಗೆ ಎಳೆದ. ಅಂಕಿ ನೋಡಿದ. ಒಂದು ಟನ್. “ಇಂಜಿನ್ನು ಭಾಳಂದ್ರ ಎಂಟನೂರು ಕಿಲೋ. ಬಾ ಅಳಿಯಾ,” ಎಂದು ಪಿನ್ನು ಹಾಕಿದ.

ಅಲ್ಲಿ ನನ್ನ ಬಲ ಅರ್ಧ ಟನ್. ಕೂಗಲು ನನಗೆ ಬಾಯಿಲ್ಲ. ಕಿರುಗುಟ್ಟಿದೆ, ಆದರೆ ಗ್ಯಾರೇಜಿನಲ್ಲಿ ಕಿರುಗುಟ್ಟದ ವಸ್ತು ಯಾವುದು? ಇಂಜಿನ್ನು ಲಾರಿಯಿಂದ ಈಚೆ ಬಂದದ್ದೇ ತೋಳು ಮೇಣದ ಹಾಗೆ ಬಗ್ಗಿತು. ದಾವಲಸಾಬ ಹಿಂದೆ ಹಾರಿದ. ಎಡಗಾಲಿನ ಎರಡು ಬೆರಳು ಹಾರಲಿಲ್ಲ.

ಕಲ್ಲನಗೌಡರು ಓಡಿ ಬಂದು ಮೊದಲು ನೋಡಿದ್ದು ಇಂಜಿನ್ನನ್ನು.

“ಎರಡು ಟನ್ನಿನ ಕ್ರೇನ್ ಐತಿ, ತಾನಾಗೆ ಹೆಂಗ ಬಗ್ಗತೈತಿ? ನೀನ ಪಿನ್ನು ತಪ್ಪು ಹಾಕೀದಿ, ದಾವಲಸಾಬ. ವಯಸ್ಸಾತು ನಿನಗ. ಕಾಲು ಮಾಯ್ದ ಮ್ಯಾಲೆ ಸಾಮಾನು ತೊಳಕೋತ ಕುಂಡ್ರು, ಇಂಜಿನ್ನಿಗೆ ಕೈ ಹಚ್ಚಬ್ಯಾಡ.”

ಮೂವತ್ತು ವರ್ಷದ ಕೈ ಒಂದು ಮಧ್ಯಾಹ್ನದಲ್ಲಿ ಸುಳ್ಳಾಯಿತು. ಆಟೋ ಬರುವವರೆಗೆ ದಾವಲಸಾಬನನ್ನು ನೆಲಕ್ಕೆ ಮಲಗಿಸಿದ್ದರು, ನೆತ್ತಿಯ ಮೇಲೆ ನನ್ನ ಬಗ್ಗಿದ ತೋಳಿತ್ತು. ಅವನು ಅದರ ಅಡಿಯನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ನಕ್ಕುಬಿಟ್ಟ. ನೋವಿಗೆ ತಲೆ ಕೆಟ್ಟಿತೆಂದು ಜನ ಬಾಯಿಗೆ ನೀರು ಬಿಟ್ಟರು. ತಲೆ ಕೆಟ್ಟಿರಲಿಲ್ಲ. ಮಿಸ್ತ್ರಿಯಾಗುವ ಮೊದಲು ಅವನೂ ಹತ್ತಿ ಮಾರುಕಟ್ಟೆಯಲ್ಲಿ ಎರಡು ವರ್ಷ ಚೀಲ ಹೊತ್ತವನು.

ಒಂದೂವರೆ ತಿಂಗಳ ಮೇಲೆ ಕೋಲೂರಿಕೊಂಡು ಬಂದ. ಅಷ್ಟರಲ್ಲಿ ನನ್ನ ತೋಳನ್ನು ಕಾಯಿಸಿ ನೆಟ್ಟಗೆ ಮಾಡಿಸಿದ್ದರು.

“ಗೌಡ್ರ, ನಿಮ್ಮ ಹೊಸಾ ಮನಿಗೆ ತರಿಸಿದ ಸಿಮೆಂಟ್ ಚೀಲ ಅದಾವಲ್ಲ, ಒಂದ ಹತ್ತು ಇತ್ತಾಗ ಬರ್ಲಿ. ಸಾಮಾನು ಆಮ್ಯಾಲೆ ತೊಳೀತೀನಿ.”

ತೋಳನ್ನು ಪೂರ್ತಿ ಎಳೆದು ಕೊನೆಯ ತೂತಿಗೆ ಪಿನ್ನು ಹಾಕಿದ. ಮೇಲೆ ಬಡಿದ ಅಂಕಿ ಅರ್ಧ ಟನ್, ಅಂದರೆ ಹತ್ತು ಚೀಲ. “ಅಡಿಗೆ ಒಂದ ಬೊಟ್ಟು ಐತಿ. ಬೊಟ್ಟಿಗೆ ಐದು ಚೀಲ ಅಂತ ನನ್ನ ಅಂದಾಜು. ಹೇರ್ರಿ.” ಗ್ಯಾರೇಜಿನವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಎದುರಿನ ಚಾದಂಗಡಿಯ ಕಾಶವ್ವ ಕಪ್ಪು-ಬಸಿ ಹಿಡಿದುಕೊಂಡೇ ಬಂದಳು.

ಐದು ಚೀಲ. ನಾನು ಅಲುಗಲಿಲ್ಲ. ಆರನೆಯದಕ್ಕೆ ನರಳಿದೆ. ಏಳನೆಯದಕ್ಕೆ ತೋಳು ಬಿಲ್ಲಾಯಿತು. ಎಂಟನೆಯ ಚೀಲ ಕಟ್ಟಿದ್ದೇ ನನ್ನ ಹಿಂದಿನ ಗಾಲಿಗಳು ನೆಲ ಬಿಟ್ಟವು.

“ಎದ್ದ ಹೊಂಟ ನೋಡ್ರಿ ಅಳಿಯಾ!” ಕಾಶವ್ವ ಕೂಗಿದಳು. “ಮಾವನ ಮನಿ ಸಾಕಾತು ಅವಗ!”

ಇಡೀ ಗ್ಯಾರೇಜು ನಕ್ಕಿತು. ಜನ್ಮದಲ್ಲಿ ಮೊದಲ ಸಲ ಭಾರಕ್ಕೆ ಸೋತು ನನಗೆ ಸಂತೋಷವಾಯಿತು.

“ಅಂಕಿ ಸುಳ್ಳೇನು ಹಂಗಾರ?” ಗೌಡರು ಗಂಟಲು ಸರಿ ಮಾಡಿಕೊಂಡರು.

“ಅಂಕಿ ಬಡಿಸಿದಾಂವ ಇದರ ಕೆಳಗ ಮಲಗಿಲ್ರಿ, ಗೌಡ್ರ. ಬೊಟ್ಟು ಇಟ್ಟಾಂವಗ ಮಲಗಾವ್ರ ನೆಪ್ಪಿತ್ತು.”

ಬೊಟ್ಟಿಟ್ಟದ್ದು ಅವನಲ್ಲ, ಅವಳು. ಹೇಳಲು ನನಗೆ ಬಾಯಿಲ್ಲ ಎಂದು ಆಗಲೇ ಹೇಳಿದ್ದೇನೆ. ಮರುದಿನದಿಂದ ದಾವಲಸಾಬ ಮತ್ತೆ ಹೆಡ್ ಮಿಸ್ತ್ರಿಯಾದ. ಗೌಡರು ಕ್ಷಮೆ ಕೇಳಿದರೇ ಅನ್ನುವಿರಿ. ಒಂದು ಚಾ ಹೇಳಿದರು. ಅದೂ ಅರ್ಧ ಕಪ್ಪು.

ಆಮೇಲೆ ದಾವಲಸಾಬ ಅಂಕಿಗಳ ಮೇಲೆ ಬಣ್ಣ ಬಳಿದು, ತೋಳಿನ ಮೇಲ್ಮೈಗೆ ರೂಪಾಯಿಯಗಲದ ಬಿಳೀ ಬೊಟ್ಟುಗಳನ್ನು ಬರೆದ. ಅಲ್ಲಿಂದ ಹದಿನಾರು ವರ್ಷ ನನ್ನ ಸುಖದ ಕಾಲ. ಇಂಜಿನ್ನುಗಳಿಗೆ ಲೆಕ್ಕವಿಲ್ಲ. ದರ್ಗಾದ ಉರುಸಿಗೆ ಅನ್ನದ ದೇಗಡಿ ಇಳಿಸಿದೆ, ಮಠದ ದಾಸೋಹಕ್ಕೆ ಕಡಾಯಿ ಇಳಿಸಿದೆ. ಎರಡಕ್ಕೂ ನನ್ನ ಬೆನ್ನು ಒಂದೇ ಸಮ ನೊಂದಿತು. ಕಾಶವ್ವನ ಎಮ್ಮೆ ಗಟಾರಕ್ಕೆ ಬಿದ್ದಾಗ ಹೊಟ್ಟೆಗೆ ಪಟ್ಟಿ ಕಟ್ಟಿ ಎತ್ತಿದ್ದೂ ನಾನೇ. ಅದು ಗಾಳಿಯಲ್ಲಿ ತೂಗುತ್ತ ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿತ್ತು.

“ಎಷ್ಟ ಬೊಟ್ಟು ಐತೋ ನಮ್ಮೆಮ್ಮಿ?”

“ಎರಡೂವರಿ, ಕಾಶವ್ವ. ಆ ಅರ್ಧ ನಿನ್ನ ಚಾದ ನೀರು ಕುಡದದ್ದಕ್ಕ.”

ಓಣಿಯೇ ಬೊಟ್ಟಿನಲ್ಲಿ ಮಾತಾಡತೊಡಗಿತು. ಬ್ಯಾರಲ್ಲಿನ ನೀರು ಮುಕ್ಕಾಲು ಬೊಟ್ಟು. ಗೌಡರ ಸಿಟ್ಟು ಮೂರು ಬೊಟ್ಟು. ಆ ಹದಿನಾರು ವರ್ಷದಲ್ಲಿ ನನ್ನ ಕೆಳಗೆ ಮಲಗಿದ ಒಬ್ಬನ ಉಗುರೂ ಮುರಿಯಲಿಲ್ಲ.

ಕಣ್ಣು ಮಂಜಾದ ಮೇಲೆ ದಾವಲಸಾಬ ಗ್ಯಾರೇಜು ಬಿಟ್ಟು ಮನೆಯ ಕಟ್ಟೆಯ ಮೇಲೆ ಸೈಕಲ್ ರಿಪೇರಿಗೆ ಕುಳಿತ. ಹೋಗುವ ದಿನ ನನ್ನ ಬೆನ್ನು ತಟ್ಟಿ, “ಹುಷಾರಿ ಅಳಿಯಾ, ಯಾರರ ಮೂರು ಟನ್ ಅಂದ್ರೂ ಎತ್ತಾಕ ಹೋಗಬ್ಯಾಡ,” ಅಂದ. ಎರಡು ವರ್ಷಕ್ಕೆ ರಸ್ತೆ ಅಗಲವಾಗಿ ಗ್ಯಾರೇಜು ಹೋಯಿತು. ಗೌಡರು ನನ್ನನ್ನು ಗುಜರಿಗೆ ಹಾಕಿದರು. ಟೆಂಪೋ ನಿಂತ ಜಾಗ ನೋಡಿ ನನಗೆ ನಗು ಬಂತು. ಅದೇ ತಗಡಿನ ಶೆಡ್ಡು, ಅದೇ ಬೋರ್ಡು. ರಾಚಪ್ಪ ಸಾವಕಾರರು ಈಗ ಹಳೆಯ ಯಂತ್ರಗಳನ್ನು ಕೊಂಡು, ಬಣ್ಣ ಹೊಡೆದು, ಹೊಸದೆಂದು ಮಾರುತ್ತಿದ್ದರು.

ಮೂಲೆಯಲ್ಲಿ ನಾಲ್ಕು ದಿನ ನಿಂತಿದ್ದೆ. ಗಾಲಿ ಸವೆದಿವೆ, ಜಾಕು ಎಣ್ಣೆ ಸೋರುತ್ತದೆ. ದುಃಖವೇನಿರಲಿಲ್ಲ. ಒಂದು ಟನ್ ಎತ್ತುವವನು ಒಂದು ಟನ್ ಎತ್ತುವುದರಲ್ಲಿ ಅವಮಾನವಿಲ್ಲ. ನನ್ನನ್ನು ಎರಡು ಎಂದು ಕರೆದದ್ದು ನನ್ನ ಗೌರವಕ್ಕಲ್ಲ. ಇಷ್ಟು ತಿಳಿಯಲು ನನಗೆ ಇನ್ನೊಬ್ಬನ ಎರಡು ಬೆರಳು ಬೇಕಾದವು. ಅದೊಂದೇ ಈ ಮುದಿ ಕಬ್ಬಿಣಕ್ಕೆ ಇವತ್ತಿಗೂ ಭಾರ.

ಐದನೆಯ ದಿನ ಸಾವಕಾರರು ಫಕ್ಕೀರವ್ವನನ್ನು ಕರೆತಂದರು. ಅವಳ ಕೂದಲು ಬೆಳ್ಳಗಾಗಿತ್ತು, ಕಣ್ಣು ಕಿಡಿ ನೋಡಿ ನೋಡಿ ಕೆಂಪು.

“ಇದನ್ನ ಉಜ್ಜಿ, ಕೆಂಪು ಬಣ್ಣ ಹಚ್ಚಿ, ಮೂರು ಬಡಿ. ಹುಬ್ಬಳ್ಳಿ ಪಾರ್ಟಿ ನಾಳೆ ಬರತೈತಿ.”

ಕಾಲಿನ ಬೆಸುಗೆ ನೋಡಲು ಅವಳು ನನ್ನ ಕೆಳಗೆ ಅಂಗಾತ ಮಲಗಿದಳು. ಮೇಲೆ ನೋಡಿದಳು. ಕೈ ಎತ್ತಿ ಒಂದೊಂದೇ ಬೊಟ್ಟನ್ನು ಮುಟ್ಟಿದಳು. ನಾಲ್ಕು, ಮೂರು, ಎರಡು, ಒಂದು. ಆಮೇಲೆ ಅವಳ ಬೆರಳು ಮೂರನೆಯ ತೂತಿನ ಬಳಿಯ ಹಳೆಯ ಸೊಟ್ಟಕ್ಕೆ ಬಂದು ನಿಂತಿತು.

“ಇಲ್ಲೆ ಬಗ್ಗೇತಿ. ಯಾರ ಮ್ಯಾಲೆ ಬಿತ್ತು?”

“ಗೌಡ್ರ ಗ್ಯಾರೇಜಿನ ದಾವಲಸಾಬ ಮಿಸ್ತ್ರಿ ಮ್ಯಾಲೆ,” ಅಂದು ನನ್ನನ್ನು ತಂದು, ಇವತ್ತು ಮತ್ತಷ್ಟು ಗುಜರಿ ಇಳಿಸುತ್ತಿದ್ದ ಟೆಂಪೋದವನು ಹೇಳಿದ. “ಎರಡು ಬೆರಳು ಹೋದುವು. ಅಡಿಗಿನ ಬೊಟ್ಟು ನೋಡಿ ಆಮ್ಯಾಲೆ ತಿಳೀತಂತ. ಯಾರಿಟ್ಟಾರೋ ಅವರ ಕೈ ತಣ್ಣಗಿರ್ಲಿ ಅಂತಿರತಾನ.”

ಫಕ್ಕೀರವ್ವ ಎದ್ದು ಬೆನ್ನಿನ ದೂಳು ಕೊಡವಿಕೊಂಡಳು. ಸಾವಕಾರರು ಸುತ್ತಿಗೆ, ಅಚ್ಚು ಅವಳ ಕೈಗಿಟ್ಟರು.

“ಬಡಿ.”

“ಒಲ್ಲೆರಿ.”

“ಏನಂದಿ?”

“ಅವತ್ತು ಬಡದೆ. ಇವತ್ತು ಬಡಿಯಂಗಿಲ್ಲ. ಒಂದು ಬಡಿ ಅಂದ್ರ ಈಗ ಬಡೀತೀನಿ.”

“ನಾಳಿಂದ ಕೆಲಸಕ್ಕ ಬರಬ್ಯಾಡ ಹಂಗಾರ!”

“ಬರತೀನಿ. ಬೋರ್ಡಿನ್ಯಾಗಿನ ನಿಮ್ಮ ಮಕ್ಕಳು ಬೆಸಿಯೂದು ಕಲಿಯೂತನಕ ಬರತೀನಿ.”

ಅವಳ ಬೆನ್ನ ಹಿಂದೆ ರಾಡು ಹಿಡಿದು ಬೆಸೆಯುತ್ತಿದ್ದವರು ಮುಖವಾಡದ ಕರೀ ಗಾಜಿನೊಳಗೇ ಕಿಸಕ್ಕೆಂದರು. ಒಬ್ಬೊಬ್ಬರಾಗಿ ಬೆಸುಗೆ ನಿಲ್ಲಿಸಿ ಇತ್ತ ತಿರುಗಿದರು. ಸಾವಕಾರರು ಅವರ ಕಡೆ ನೋಡಿದರು, “ನೀ ಬಾ, ಬಡಿ” ಎಂದರು. ಯಾರೂ ಬರಲಿಲ್ಲ.

ಫಕ್ಕೀರವ್ವ ಸುತ್ತಿಗೆಯನ್ನೂ ಅಚ್ಚನ್ನೂ ಸಾವಕಾರರ ಮುಂದೆ ಹಿಡಿದಳು.

“ತಗೋರಿ, ನೀವ ಬಡೀರಿ. ಆಮ್ಯಾಲೆ ಮೂರು ಟನ್ ಕಟ್ಟಿ ಪಂಪು ನಾ ಹೊಡೀತೀನಿ, ನೀವು ಕೆಳಗ ಮಲಗ್ರಿ. ನಾ ಅಂತೂ ಬಡಿಯಂಗಿಲ್ಲ.”