ಮುಳುಗದ ಬಲಗೈ

ನಮ್ಮ ಅರಸ ಕೆನ್‌ಬಾಲ್ಡ್‌ಗೆ ಮೊಲೆಹಾಲು ಕುಡಿಸಿ ಬೆಳೆಸಿದವಳು ನಾನು, ಹಿಲ್ಡ. ಅವನೆಂಥ ಪುಕ್ಕಲ ಎಂದು ಹೇಳುವ ಹಕ್ಕು ನನಗಲ್ಲದೆ ಇನ್ಯಾರಿಗಿದೆ?

ಕಳೆದ ಯುದ್ಧಕ್ಕೆ ಹೊರಡುವಾಗ ಬಲಗೈಯಲ್ಲಿ ಈಟಿ ಎತ್ತಿ, "ಗೆಲ್ಲಿಸು ವೋಡನ್, ಮೊದಲು ಸೆರೆ ಸಿಕ್ಕವನನ್ನ ನಿನ್ನ ಮರಕ್ಕೆ ನೇತುಹಾಕ್ತೀನಿ" ಎಂದು ನಮ್ಮ ಹಳೆಯ ದೇವರಿಗೆ ಹರಕೆ ಹೊತ್ತ. ಆ ಕಡೆ ರಾಣಿಯ ಪಾದ್ರಿಯ ಕಿವಿಯಲ್ಲೂ ಉಸುರಿದ: ಗೆದ್ದರೆ ನಾನು ಕ್ರಿಸ್ತನವನು. ಗೆದ್ದ. ಮೊದಲು ಸೆರೆ ಸಿಕ್ಕವನು ನನ್ನ ತಮ್ಮ ಡುನ್ನ. ನನ್ನ ತವರು ಹೊಳೆಯಾಚೆಯ ಶತ್ರುಗಳ ಸೀಮೆ. ನನ್ನ ಹಣೆಬರಹ!

ಪಾದ್ರಿಯ ಕಾಲು ಹಿಡಿದೆ.

"ಅಳಬೇಡ ತಾಯಿ. ದೀಕ್ಷಾಸ್ನಾನ ಆದೋನು ನರಬಲಿ ಕೊಡೋ ಹಾಗಿಲ್ಲ" ಎಂದ.

ಅಷ್ಟು ಸಾಕಾಯಿತು. ಅರಸ ಬೇಗ ಕ್ರೈಸ್ತನಾಗಲೆಂದು ನನ್ನಷ್ಟು ಬೇಡಿಕೊಂಡವರು ರೋಮಿನಲ್ಲೂ ಇದ್ದಿರಲಾರರು.

ಆ ಬೆಳಿಗ್ಗೆ ಹೊಳೆಯಲ್ಲಿ ಅರಸ, ದಂಡೆಯಲ್ಲಿ ತಮ್ಮ ಸರದಿಗೆ ಕಾದ ಅವನ ಬಂಟರು, ಒಣಬಟ್ಟೆ ಹಿಡಿದ ನಾನು. ಪಾದ್ರಿ ಅವನ ತಲೆ ಅದುಮಿದ. ಮೈಯೆಲ್ಲ ಮುಳುಗಿತು, ಬಲಗೈ ಮಾತ್ರ ಮೇಲೆ ನಿಂತಿತ್ತು. ಅರಸ ನೀರಿನಿಂದ ತಲೆಯೆತ್ತಿದೊಡನೆ ಪಾದ್ರಿ ಕೇಳಿದ:

"ಇದೇನು ಪ್ರಭು, ಈ ಕೈ?"

"ವೋಡನ್‌ಗೆ ಮಾತು ಕೊಟ್ಟಿದ್ದು ಇದೇ ಕೈ. ಇದೊಂದು ಅವನಿಗೇ ಇರ್ಲಿ. ಮಧ್ಯಾಹ್ನ ಕೆಲಸ ಇದೆ."

ಪಾದ್ರಿ ತಲೆ ಕೆರೆದುಕೊಂಡ. "ತಲೆ ನೆಂದಿದೆಯಲ್ಲ, ನಡೆಯುತ್ತೆ" ಎಂದ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ನನಗೆ ಮೈಯೆಲ್ಲ ಉರಿಯಿತು. ಬಟ್ಟೆ ಎಸೆದು ನೀರಿಗಿಳಿದೆ.

"ಲೋ ಮಗಾ, ನಿನ್ನ ಅಂಡು ತೊಳೆದೋಳಿಗೆ ಕೈ ತೊಳೆಯೋದು ಕಷ್ಟವೇನೋ?" ಎಂದು ಆ ತೋಳಿಗೆ ಜೋತುಬಿದ್ದು ಮೊಣಕೈ ದಾಟುವವರೆಗೆ ಅದ್ದಿದೆ. ಪಾದ್ರಿ ಗಡಬಡಿಸಿ ಮಂತ್ರ ಮುಗಿಸಿದ. ಬಂಟರು ಹೊಟ್ಟೆ ಹಿಡಿದು ನಕ್ಕರು. ನಾನು ನಗುತ್ತಲೇ ಅತ್ತೆ. ಡುನ್ನ ಉಳಿದ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಕೆನ್‌ಬಾಲ್ಡ್ ತೊಯ್ದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸಿಟ್ಟೇ ಮಾಡಲಿಲ್ಲ.

"ಹೋಗ್ಲಿ ಬಿಡವ್ವಾ" ಎಂದು ದಂಡೆಯತ್ತ ತಿರುಗಿದ. "ಏ ಸಿಗ್ಗ, ನೀನಿನ್ನೂ ಮುಳುಗಿಲ್ಲ ತಾನೆ? ಸಾಲು ಬಿಟ್ಟು ಈಚೆ ಬಾ. ಆ ಹಗ್ಗದ ಕೆಲಸ ನೀನೇ ಮುಗಿಸಿಬಿಡು."

ಸಿಗ್ಗ ಹಿಂದೆಮುಂದೆ ನೋಡಿದ. ನಾನು ಪಾದ್ರಿಯ ನಿಲುವಂಗಿ ಹಿಡಿದು ಜಗ್ಗಿದೆ.

"ಸ್ವಾಮಿ, ಏನಾದ್ರೂ ಹೇಳಿ!"

ಹೇಳಿದ, ಸಿಗ್ಗನಿಗೆ.

"ಹೆದರಬೇಡಪ್ಪ. ನಾಳೆ ಬಂದು ಮುಳುಗು. ಅದೂ ತೊಳೆದುಹೋಗುತ್ತೆ."