ಕೊಟ್ಟ ಹೆಣ್ಣುಮಕ್ಕಳನ್ನೂ ಎಣಿಸಿರಿ

ನಮ್ಮ ಅಲಖನೂರಿನಲ್ಲಿ ಎಮ್ಮೆಗೆ ಕೆಚ್ಚಲು ಬಾವು ಬಂದರೆ ಇಡೀ ಓಣಿಗೆ ಗೊತ್ತಾಗುತ್ತದೆ. ಹೆಣ್ಣುಮಗಳ ಎದೆಯಲ್ಲಿ ಗಂಟಾದರೆ ಮಾತ್ರ ಸೆರಗಿನೊಳಗೇ ಮುಚ್ಚಿಹೋಗುತ್ತದೆ. ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಪಕ್ಕದ ಮನೆಯ ಸೀಮಾ ಹಾಗೆ ಮುಚ್ಚಿಡಲಿಲ್ಲ. ಗಂಟು ಕೈಗೆ ಹತ್ತಿದ ಕೂಡಲೇ ನನ್ನನ್ನು ಕರೆದುಕೊಂಡು ಬೆಳಗಾವಿಗೆ ಹೊರಟಳು. ಗಂಟು ಸಾದಾ ಇತ್ತು, ಕ್ಯಾನ್ಸರಿನದಲ್ಲ. ಆದರೆ ಅವಳ ಇಬ್ಬರು ಸೋದರತ್ತೆಯರು ಸಣ್ಣ ವಯಸ್ಸಿಗೇ ಎದೆಯ ಕ್ಯಾನ್ಸರಿನಿಂದ ತೀರಿಹೋದದ್ದನ್ನು ಕೇಳಿ ಡಾಕ್ಟರು ರಕ್ತ ತಪಾಸಣೆ ಮಾಡಿಸಿದರು. ಆ ಕ್ಯಾನ್ಸರ್ ತರುವ, ವಂಶದಿಂದ ಬಂದ ಜೀನ್ ದೋಷ ಅವಳಲ್ಲೂ ಇತ್ತು. ರೋಗ ಬಂದಿರಲಿಲ್ಲ, ಬರುವ ಸಂಭವ ಬಹಳ ಇತ್ತು. ವರ್ಷಾವರ್ಷ ಸ್ಕ್ಯಾನ್ ಮಾಡಿಸುತ್ತ ಕಾಯಬಹುದು, ಇಲ್ಲವೇ ಮೊದಲೇ ಎರಡೂ ಸ್ತನ ತೆಗೆಸಬಹುದು ಎಂದರು. ಸೀಮಾ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಕೊನೆಗೆ, ಮಕ್ಕಳಿಬ್ಬರೂ ಇನ್ನೂ ಶಾಲೆಗೆ ಹೋಗುತ್ತಿದ್ದಾರೆ, ಅವರಿಗಾಗಿ ನಾನು ಉಳಿಯಬೇಕು, ತೆಗೆಸಿಯೇ ಬಿಡುತ್ತೇನೆ ಎಂದಳು. ಗಂಡ ಸಂಜಯ ಹೆದರಿಕೊಂಡೇ ಹೂಂ ಅಂದ.

ಸುದ್ದಿ ಕೇಳಿ ಅವಳ ಅಪ್ಪ ರಾವಸಾಹೇಬರು ಅಥಣಿಯ ದ್ರಾಕ್ಷಿ ತೋಟ ಬಿಟ್ಟು ಓಡಿಬಂದರು. ರೋಗವಿಲ್ಲದ ಮೈಗೆ ಕತ್ತರಿ ಹಾಕಿಸುವ ಹುಚ್ಚು ಯಾರು ಹಿಡಿಸಿದರು ಎಂದು ನನ್ನ ಕಡೆಯೇ ನೋಡಿದರು.

"ನಮ್ಮ ಮನ್ಯಾಗ ಯಾರಿಗೂ ಈ ಬ್ಯಾನಿ ಇಲ್ಲ," ಎಂದರು.

"ಮತ್ತ ಸೀತವ್ವತ್ತಿ, ಕಾಗವಾಡದ ಅತ್ತಿ, ಇಬ್ಬರಿಗೂ ಬಂದಿತ್ತಲ್ಲ?" ಎಂದಳು ಸೀಮಾ.

"ಅವರಿಬ್ಬರನ್ನೂ ಹೊರಗ ಕೊಟ್ಟಿದ್ವಿ. ಕೊಟ್ಟ ಮನ್ಯಾಗ ಸತ್ರು. ಅದು ಅವರ ಮನಿ ಲೆಕ್ಕ."

ನನಗೆ ತಡೆಯಲಾಗಲಿಲ್ಲ. "ಕಾಕಾ, ಮದಿವಿ ಮಾಡಿ ಕೊಟ್ರ ಅಡ್ಡಹೆಸರು ಬದಲಾಗತೈತ್ರಿ. ರಕ್ತ ಬದಲಾಗತೈತೇನ್ರಿ?"

ಈ ದೋಷ ತಾಯಿಯಿಂದಷ್ಟೇ ಅಲ್ಲ, ತಂದೆಯಿಂದಲೂ ಬರುತ್ತದೆ, ಅದನ್ನು ಹೊತ್ತ ಗಂಡಸು ಗಟ್ಟಿಮುಟ್ಟಾಗಿಯೇ ಇರಬಹುದು ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. ರಾವಸಾಹೇಬರು ಮಗಳನ್ನು ನೋಡಿದರು.

"ಹಂಗಾರ ನಾನ ಕೊಟ್ಟೇನೇನು ಇದನ್ನ?"

"ಬೇಕಂತ ಕೊಟ್ಟಿಲ್ಲಪ್ಪಾ," ಎಂದು ಸೀಮಾ ಅವರ ಕೈ ಹಿಡಿದಳು. "ಅತ್ತಿಯವರಿಗೆ ಯಾರೂ ಮೊದಲ ಹೇಳಿದ್ದಿಲ್ಲ. ನನಗ ಹೇಳ್ಯಾರ. ಮಕ್ಕಳು ಇನ್ನೂ ಸಣ್ಣವು. ನನಗ ಸಾಯಾಕ ಅಂಜಿಕಿ ಐತಿ."

ರಾವಸಾಹೇಬರ ಕಿರಿಯ ಮಗಳು ಕೋಮಲಳಿಗೆ ನಿಪ್ಪಾಣಿಯ ಸಂಬಂಧದ ಮಾತು ನಡೆದಿತ್ತು. ಸುದ್ದಿ ಹರಡಿದರೆ ಅದು ಮುರಿದೀತೆಂಬ ಭಯವೂ ಅವರಿಗಿತ್ತು. ಕಡೆಗೆ ಅಳಿಯನ ಕಡೆ ತಿರುಗಿದರು.

"ಆಪರೇಶನ್‌ಗೆ ನಾನೂ ಬರತೇನ್ರಿ. ಕೋಮಲನ್ನೂ ಕರಕೊಂಡ ಬರತೇನಿ, ಆಕಿ ರಕ್ತಾನೂ ನೋಡ್ಲಿ. ಸಂಬಂಧ ಹ್ವಾದ್ರ ಇನ್ನೊಂದ ಹುಡುಕೂನು. ಮಗಳು ಹ್ವಾದ್ರ ಎಲ್ಲಿಂದ ತರೂನು?"

ಆಪರೇಶನ್ ಆಯಿತು. ಸೀಮಾ ಕನ್ನಡಿ ಮುಂದೆ ನಿಂತು ಅತ್ತಳು, ನಾನೂ ಅತ್ತುಬಿಟ್ಟೆ. ಅಪಾಯ ಪೂರ್ತಿ ಹೋಗಿಲ್ಲ, ಆದರೆ ಬಹಳ ಕಡಿಮೆಯಾಗಿದೆ. ಈಗ ಅವಳಿಗೆ ನಿದ್ದೆ ಬರುತ್ತದೆ. ಕೋಮಲಳ ವರದಿ ಇನ್ನೂ ಬಂದಿಲ್ಲ. ಫೋನು ರಿಂಗಾದರೆ ಅದೇ ಸುದ್ದಿ ಇರಬೇಕೆಂದು ನಾವೆಲ್ಲ ಓಡುತ್ತೇವೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಆಪರೇಶನ್ ಎಲ್ಲರಿಗೂ ಬೇಕಾಗುವುದಿಲ್ಲ. ತಪಾಸಣೆ ಮಾಡಿಸಿ, ಡಾಕ್ಟರ ಜೊತೆ ಕೂತು ಮಾತಾಡಿ, ಆಮೇಲೆ ತೀರ್ಮಾನ ಮಾಡಿರಿ. ಆದರೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ರೋಗ ಇತ್ತೇ ಎಂದು ಅವರು ಕೇಳಿದಾಗ, ಮದುವೆಯಾಗಿ ಹೋದ ಅತ್ತೆಯರ, ಚಿಕ್ಕಮ್ಮಂದಿರ ಹೆಸರನ್ನು ನುಂಗಬೇಡಿರಿ. ಅವರನ್ನಂತೂ ಉಳಿಸಿಕೊಳ್ಳಲಾಗಲಿಲ್ಲ. ಅವರ ಹೆಸರು ಹೇಳಿದರೆ ನಿಮ್ಮ ಮಗಳು ಉಳಿದಾಳು.